ನಮ್ಮ ನಾಕಾಕ್ಕ ಬಂದ ಯುರೋಪಿನ ಪಾಠ

ಈ ವರ್ಷ ನಮ್ಮ ಓಣಿಯಿಂದ ಮೂರು ಮಂದಿ ಹುಡುಗ್ಯಾರು ಪೊಲೀಸ್ ಭರ್ತಿ ಆಗ್ಯಾರ. ಮೂವರೂ ಪೇಡೆ ಡಬ್ಬಿ ಹಿಡ್ಕೊಂಡು ಮನಿಗೆ ಬಂದಿದ್ರು. "ಅಜ್ಜಿ, ನೌಕರಿ ಹ್ಯಾಂಗಿರ್ತದ ಹೇಳ್ರಿ" ಅಂದ್ರು. ಅಜ್ಜಿ ಅಂದದ್ದಕ್ಕ ಮೊದಲು ಚಲೋತ್ನಾಗಿ ಬೈದೆ. ರಿಟೈರ್ ಆಗೀನಿ, ಮುದುಕಿ ಆಗಿಲ್ಲ. ಆಮ್ಯಾಲ ಹೇಳಾಕ ಕೂತೆ. ಚಹಾ ಎರಡು ಸಲ ಆತು, ಪೇಡೆ ಖಾಲಿ ಆತು, ನನ್ನ ಮಾತು ಮುಗೀಲಿಲ್ಲ. ಕೊನಿಗೆ ಅವ್ರೇ "ಬರದು ಕೊಡ್ರಿ, ಓದ್ತೀವಿ" ಅಂತ ಹೇಳಿ ತಪ್ಪಿಸ್ಕೊಂಡು ಓಡಿದ್ರು. ತಗೋರಿ, ಬರದೀನಿ. ಈಗ ಓದದಿದ್ರ ನೋಡ್ರಿ ಮತ್ತ!

ನನ್ನ ಹೆಸರು ಭೀಮಬಾಯಿ. ನಂದು ಭೀಮಾ ನದಿ ದಂಡಿ ಮನಿತನ. ನಮ್ಮವ್ವ ಯಾದಗಿರಿ ಬಜಾರದಾಗ ಮೀನು ಮಾರ್ತಿದ್ಳು. ನಾ ಬಿ.ಎ. ಮುಗಿಸಿ ಖಾಕಿ ಹಾಕ್ಕೊಂಡೆ. ಯಾವ ವರ್ಷ ತೋಳಿನ ಮ್ಯಾಲ ಯಾವ ಪಟ್ಟಿ ಬಂತು ಅನ್ನೋದು ಸರ್ವಿಸ್ ಬುಕ್ಕಿನಾಗ ಅದ, ಅದನ್ನ ಹೇಳಿ ನಿಮ್ಮ ತಲಿ ತಿನ್ನಂಗಿಲ್ಲ. ನನ್ನ ನೌಕರಿಯೊಳಗ ಹೆಚ್ಚಿನ ವರ್ಷ ಹೋದದ್ದು ಹೊಸಾ ಪೊಲೀಸರಿಗೆ ಕಲಿಸೋದ್ರಾಗ. ಅದ್ರೊಳಗ ನಾ ಮಾಡಿದ ಒಂದು ದೊಡ್ಡ ತಪ್ಪಿನ ಹಕೀಕತ್ತು ನಿಮಗ ಹೇಳಬೇಕಾಗ್ಯಾದ.

ನಾ ಕಲಿಯೋ ಕಾಲಕ್ಕ ಟ್ರೇನಿಂಗ್ ಅಂದ್ರ ಓಡೋದು, ಬೈಸ್ಕೊಳ್ಳೋದು, ಮತ್ತ ಓಡೋದು. ಕಾಯ್ದೆ ಪಾಠದಾಗ ಮಾಸ್ತರ್ರು ಕಲಂ ನಂಬರ್ ಓದ್ತಿದ್ರು, ನಾವು ಗಿಳಿಯಂಗ ಒದರ್ತಿದ್ವಿ. ಮಂದಿ ಜೋಡಿ ಹ್ಯಾಂಗ ಮಾತಾಡಬೇಕು ಅಂತ ಒಂದು ದಿನ ಒಬ್ರೂ ಹೇಳಿಕೊಡ್ಲಿಲ್ಲ. ನೌಕರಿಗೆ ಸೇರಿದ ಮೊದಲನೇ ವಾರ ಶಹಾಪುರ ಸಂತಿಯೊಳಗ ಒಬ್ಬ ಮುದುಕನ್ನ "ಏಯ್, ಬಾ ಇಲ್ಲಿ" ಅಂತ ಕರದೆ. ಮೈಮ್ಯಾಲ ಖಾಕಿ ಹೊಸಾದು, ಸೊಕ್ಕೂ ಹೊಸಾದು. ಆತ ನಿಧಾನಕ್ಕ ತಿರುಗಿ, "ಯಾರ ಮಗಳವ್ವ ನೀ?" ಅಂದ. ಅಷ್ಟೇ ಅಂದದ್ದು. ಮೂರು ದಿನ ನನಗ ಅನ್ನ ಸೇರ್ಲಿಲ್ಲ.

ಕೃಷ್ಣಾ ಕೆನಾಲಿನ ನೀರು ಶಹಾಪುರ, ಸುರಪುರದ ಹೊಲಕ್ಕ ಹರ್ಯಾಕ ಹತ್ತಿದ ಮ್ಯಾಲ ನಮ್ಮ ಕಡಿ ದುನಿಯಾನೇ ಬದಲಾತು. ಜ್ವಾಳ, ತೊಗರಿ ಇದ್ದಲ್ಲಿ ಭತ್ತ ಬಂತು. ಆಂಧ್ರದಿಂದ ಬಂದು ಹೊಲ ಹಿಡದವರ ಕ್ಯಾಂಪುಗಳು ಎದ್ದು ನಿಂತ್ವು. ನಾಟಿ ಬಂತಂದ್ರ ಹೆಣ್ಣಾಳು ಗುಂಪು ಗುಂಪು ಆ ರಾಜ್ಯದಿಂದ ಈ ರಾಜ್ಯಕ್ಕ, ಈ ರಾಜ್ಯದಿಂದ ಆ ರಾಜ್ಯಕ್ಕ. ಅವ್ರ ನಡುವ ಕಳ್ಳಭಟ್ಟಿ ಸೆರಿ ದಾಟಾಕ ಹತ್ತಿತು, ಕಳವಿನ ಎತ್ತು ದಾಟಾಕ ಹತ್ತಿದ್ವು, ಸುಳ್ಳು ಯಾಕ ಹೇಳ್ಲಿ, ಸಣ್ಣ ಸಣ್ಣ ಹೆಣ್ಣುಡುಗ್ಯಾರೂ ದಾಟಾಕ ಹತ್ತಿದ್ರು. ಅದಕ್ಕ ಗುರುಮಠಕಲ್ ದಾಟಿದ ಮ್ಯಾಲ ರೋಡಿಗೆ ಅಡ್ಡ ಬಿದಿರು ಕಟ್ಟಿ ನಾಕಾ ಮಾಡಿದ್ರು. ಅಲ್ಲಿ ನಿಲ್ಲೋ ಪೊಲೀಸರಿಗೆ ಅಂತ ಬ್ಯಾರೆ ಟ್ರೇನಿಂಗ್ ಶಾಲಿ ಬಂತು. ಶಾಲಿ ಅಂದ್ರ ಏನು, ಕೆನಾಲ್ ಕಟ್ಟಾಕ ಬಂದ ಎಂಜಿನಿಯರ್ ಮಂದಿ ಬಿಟ್ಟು ಹೋದ ತಗಡಿನ ಶೆಡ್ಡುಗಳು. ನಾ ಕಾಯ್ದೆ ಕಲಿಸೋ ಕೋಣಿ ಬಾಗಲ ಮ್ಯಾಲ "ಸಿಮೆಂಟ್ ಉಗ್ರಾಣ" ಅಂತ ಬರದದ್ದು ಹಂಗೇ ಇತ್ತು.

ಶಾಲಿಗೆ ಮುಖ್ಯಸ್ಥರಾಗಿ ಬಂದವ್ರು ಮೈಸೂರು ಕಡಿಯವ್ರು. ನಾವು ಬರೇ ಸಾಹೇಬ್ರು ಅಂತಿದ್ವಿ. ಮೆತ್ತನ್ನ ಮನಷ್ಯಾ. ನಾವು ಸಾದಾ ಮಾತಾಡಿದ್ರೂ "ಯಾಕ್ರೀ ಜಗಳ ಆಡ್ತೀರಾ?" ಅಂತ ಕೇಳ್ತಿದ್ರು. ಅವ್ರು ಒಂದು ತರಬೇತಿಗೆ ಯುರೋಪಿಗೆ ಹೋಗಿ ಬಂದ್ರು. ಬಂದ ದಿನ ನನ್ನ ಕರಸಿ ಟೇಬಲ್ ಮ್ಯಾಲ ಇಟ್ಟಿಗಿಯಷ್ಟು ದಪ್ಪನ್ನ ಪುಸ್ತಕ ಇಟ್ರು.

"ಭೀಮಬಾಯಿ, ಅಲ್ಲಿ ಎಷ್ಟೋ ದೇಶದ ಗಡಿ ಪೊಲೀಸ್ರು ಒಂದೇ ಪಠ್ಯ ಓದ್ತಾರೆ ಕಣ್ರೀ. ಒಬ್ಬ ಪ್ರಯಾಣಿಕನನ್ನ ಯಾವ ಗಡಿಯಲ್ಲಿ ನಿಲ್ಲಿಸಿದ್ರೂ ಒಂದೇ ರೀತಿ ಮರ್ಯಾದೆ. ನಮ್ಮ ಒಂದು ಬ್ಯಾಚಿಗೆ ಇದನ್ನ ಕಲಿಸಿ ನೋಡೋಕೆ ಒಪ್ಪಿಗೆ ತಂದಿದ್ದೀನಿ. ಪರೀಕ್ಷೆ ನೋಡೋಕೆ ಅಲ್ಲಿಂದಲೇ ಒಬ್ರು ಬರ್ತಾರೆ. ನೀವು ಕನ್ನಡಕ್ಕೆ ತನ್ನಿ."

ಯವ್ವಾ, ನನ್ನ ಎದಿ ಹಲಗಿ ಬಾರಿಸಿದಂಗ ಬಾರಿಸಾಕ ಹತ್ತಿತು! ಮೀನು ಮಾರೋಕಿ ಮಗಳ ಕೈಗೆ ಯುರೋಪಿನ ಪುಸ್ತಕ. ಮನಿಗೆ ಬಂದು ಕೈಕಾಲು ತೊಳ್ಕೊಂಡು ಪುಸ್ತಕ ತೆಗದೆ. ಮೊದಲನೇ ಹಾಳಿಗೇ ಬೆರಗಾದೆ. ಎಷ್ಟು ತಾಸು ಕಲಿಸಿದ್ರಿ ಅಂತ ಅದ್ರಾಗ ಎಲ್ಲೂ ಕೇಳಿಲ್ಲ. ಕಲಿತಾಕಿ ಕೊನಿಗೆ ಏನು ಮಾಡಬಲ್ಲಳು ಅಂತ ಕೇಳ್ಯಾರ. ನಾವು ಅಲ್ಲಿತನಕ ಹಾಜರಿ ಪುಸ್ತಕ ತುಂಬಿದ್ರ ಟ್ರೇನಿಂಗ್ ಮುಗೀತು ಅಂತಿದ್ವಿ.

ಡಿಕ್ಷನರಿ ಬದಿಗಿಟ್ಕೊಂಡು ಕನ್ನಡ ಮಾಡಾಕ ಕೂತೆ. ಶಾಲಿಯೊಳಗ ಇದ್ದದ್ದು ಒಂದೇ ಕಂಪ್ಯೂಟರ್, ಅದು ಸಾಹೇಬ್ರ ಕೋಣಿಯಾಗ ಬಟ್ಟಿ ಹೊಚ್ಕೊಂಡು ಮಲಗಿತ್ತು. ನಮ್ಮದೆಲ್ಲ ಮೇಣದ ಹಾಳಿ ಮ್ಯಾಲ ಕೊರದು ಬರಿಯೋದು, ಅದನ್ನ ಸೈಕ್ಲೋಸ್ಟೈಲ್ ಮಷಿನ್ನಿಗೆ ಹಾಕಿ ಕೈಲೆ ತಿರುವೋದು. ತಿರುವಾಂವ ಖಾಜಾಸಾಬ. ಖಾಜಾಸಾಬ ನಮ್ಮ ಡ್ರಿಲ್ ಹವಾಲ್ದಾರ, ಪಿಂಚಣಿಗೆ ಹತ್ರ ಬಂದಾಂವ. ಟೋಪಿ ಒಂದು ಬೆರಳು ವಾರೆ ಆದ್ರ ಇಡೀ ಮೈದಾನ ಓಡಸ್ತಿದ್ದ. ಮುಖಕ್ಕೆಲ್ಲ ಮಸಿ ಹತ್ತಿಸ್ಕೊಂಡು ಹಾಳಿ ಓದಿ ಓದಿ ನಗ್ತಿದ್ದ. "ಬಾಯಿ, ಪೊಲೀಸ್ ಮೊದಲು ನಮಸ್ಕಾರ ಮಾಡಬೇಕಂತ ಬರದೀರಲ್ಲ, ಕಳ್ಳಗ ಕುಡಿಯಾಕ ಚಹಾನೂ ಕೊಡೋದೇನು?" ಅಂತ ಕೇಳ್ತಿದ್ದ.

ಆದ್ರ ಪಾಠ ಚಾಲೂ ಆದ ಮ್ಯಾಲ ಅವನಿಗಿಂತ ಹೆಚ್ಚು ಖುಷಿ ಪಟ್ಟಾಂವ ಇನ್ನೊಬ್ಬ ಇಲ್ಲ. ಹೊಸಾ ಪದ್ಧತಿಯೊಳಗ ಎಲ್ಲಾ ಮಾಡಿ ತೋರಸಬೇಕು. ಬೆಂಚು ಸಾಲು ಹಚ್ಚಿ ಬಸ್ ಮಾಡ್ತಿದ್ವಿ. ಖಾಜಾಸಾಬ ಒಮ್ಮೆ ಕುಡುಕ, ಒಮ್ಮೆ ಬಸುರಿ, ಒಮ್ಮೆ ಕೋಳಿ ಕದ್ದಾಂವ. ಬಸುರಿ ಪಾರ್ಟಿನಾಗ ಹೊಟ್ಟಿಗೆ ಕಟ್ಟಿದ ದಿಂಬು ಜಾರಿ ಬಿದ್ದು, ಇಡೀ ಬ್ಯಾಚು ಹೊಟ್ಟಿ ಹಿಡ್ಕೊಂಡು ನೆಲಕ್ಕ ಉಳ್ಳಾಡಿತ್ತು.

ಆ ಬ್ಯಾಚು ಬರೇ ಹುಡುಗ್ಯಾರದು, ಅದ್ರೊಳಗ ಬಾಲಮ್ಮ ಅಂತ ಒಬ್ಬಾಕಿ ಇದ್ಳು. ಗುರುಮಠಕಲ್ ಆಚಿ ಸಣ್ಣ ಹಳ್ಳಿಯಾಕಿ, ಕನ್ನಡ ಅರ್ಧ, ತೆಲುಗು ಅರ್ಧ. ಓಟದಾಗ ಎಲ್ರಿಗಿಂತ ಮುಂದ, ಬರಿಯೋದ್ರಾಗ ಎಲ್ರಿಗಿಂತ ಹಿಂದ. ಕಾಯ್ದೆ ಪರೀಕ್ಷಾದಾಗ ಒಮ್ಮೆ ಫೇಲಾಗಿದ್ಳು. ನಮ್ಮಲ್ಲಿ ನಿಯಮ ಖಡಕ್ಕು. ಎರಡನೇ ಸಲ ಯಾವುದ್ರಾಗ ಫೇಲಾದ್ರೂ ಟ್ರಂಕು ಹೊತ್ಕೊಂಡು ಮನಿಗೆ, ನೌಕರಿ ಇಲ್ಲ. ನಾ ಕರದು ಬೈದೆ. ಆಕಿ ನೆಲಾ ನೋಡ್ಕೊಂತ ನಿಂತು, "ಮೇಡಂ, ಮನಿಗೆ ಹೋದ್ರ ಮತ್ತ ನಾಟಿಗೆ ಇಳೀಬೇಕ್ರಿ. ಸಣ್ಣಾಕಿ ಇದ್ದಾಗಿಂದ ಕೆಸರಾಗ ಬಗ್ಗೀನಿ. ಇನ್ನ ಬಗ್ಗಾಕ ಆಗಂಗಿಲ್ರಿ" ಅಂದ್ಳು. "ಬಗ್ಗಬ್ಯಾಡ. ನಾ ಕಲಿಸ್ತೀನಿ, ನೀ ಪಾಸಾಗು" ಅಂದೆ. ದಿನಾ ಮುಂಜಾನಿ ಪರೇಡಿಗಿಂತ ಮೊದಲು ಅರ್ಧ ತಾಸು ಆಕಿಗೆ ಬ್ಯಾರೆ ಪಾಠ.

ಖರೇ ಹೇಳಬೇಕಂದ್ರ ಆಕಿಯಿಂದ ನಾ ಕಲಿತದ್ದೇ ಮೊದಲು. ಬೋರ್ಡಿನ ಮ್ಯಾಲ ನಾ ದೊಡ್ಡದಾಗಿ "ಗಡಿ ಪೊಲೀಸ್ ತರಬೇತಿ" ಅಂತ ಬರಸಿದ್ದೆ. ಒಂದು ದಿನ ಬ್ಯಾಚು ಕರ್ಕೊಂಡು ಗುರುಮಠಕಲ್ ಕಡಿ ಒಂದು ಹಳ್ಳಿಗೆ ಹೋದೆ. ಕಟ್ಟಿ ಮ್ಯಾಲ ಕೂತಿದ್ದ ಮುದುಕಗ ನಮ್ಮ ಹುಡುಗ್ಯೊಬ್ಬಾಕಿ, "ಅಜ್ಜಾ, ನಾವು ಗಡಿಯಿಂದ ಬಂದೀವಿ" ಅಂದ್ಳು. ಆತ ಬಡಾಬಡಾ ಕೆಳಗಿಳದು, ಚಪ್ಪಲಿ ಬಿಟ್ಟು, ಹೆಗಲ ಮ್ಯಾಲಿನ ಟವೆಲ್ ಕಂಕಳಾಗ ಇಟ್ಕೊಂಡು ನಿಂತು, "ಮತ್ತ ಬಿಟ್ಟಿ ಚಾಕರಿ ಚಾಲೂ ಆತೇನ್ರಿ? ನನ್ನ ಕೈಲೆ ಈಗ ಆಗಂಗಿಲ್ರಿ" ಅಂದ. ನಮಗ ಏನೂ ತಿಳೀಲಿಲ್ಲ. ಬಾಲಮ್ಮ ನನ್ನ ಕಿವಿಯಾಗ ಹೇಳಿದ್ಳು: "ಮೇಡಂ, ನಮ್ಮ ಕಡಿ ಗಡಿ ಅಂದ್ರ ದೊರಿಗಳ ಕೋಟಿಯಂಥಾ ಮನಿ. ನಿಜಾಮನ ಕಾಲದಾಗ ಗಡಿಯಿಂದ ಆಳು ಬಂದ್ರಂದ್ರ ಬಿಟ್ಟಿ ದುಡಿಯಾಕ ಕರಿಯಾಕ ಬಂದಂಗರಿ."

ಆ ಮುದುಕನ ಕಾಲಿಗೆ ಚಪ್ಪಲಿ ನಾನೇ ಸರಿಸಿ ಕೊಟ್ಟೆ. ಮರುದಿನ ಬೋರ್ಡ್ ಅಳಿಸಿ "ಸರಹದ್ದು ನಾಕಾ ಪೊಲೀಸ್" ಅಂತ ಬರಸಿದೆ. ಸಾಹೇಬ್ರು, "ಗಡಿ ಅನ್ನೋದು ಚೊಕ್ಕ ಕನ್ನಡ ಅಲ್ವೇನ್ರೀ?" ಅಂದ್ರು. "ಚೊಕ್ಕ ಅದರಿ ಸಾಹೇಬ್ರ, ಆದ್ರ ಇಲ್ಲಿ ಅಂಜಸ್ತದ" ಅಂದೆ.

ನಮಸ್ಕಾರದ ಪಾಠಾನೂ ಹಂಗೇ ಫಜೀತಿ ಆತು. ಪುಸ್ತಕದ ಪ್ರಕಾರ ಮೊದಲು ನಮಸ್ಕಾರ, ಆಮ್ಯಾಲ ನಿಮ್ಮ ಹೆಸರು, ಆಮ್ಯಾಲ ಯಾಕ ನಿಲ್ಲಿಸೀವಿ ಅನ್ನೋದು. ನಾ ಕನ್ನಡ ಪಂಡಿತಳಂಗ ಬರಸಿದ್ದೆ: "ತಮ್ಮ ಪ್ರಯಾಣದ ಉದ್ದೇಶವನ್ನು ದಯವಿಟ್ಟು ತಿಳಿಸುವಿರಾ?" ನಾಕಾದಾಗ ಮೊದಲನೇ ದಿನ ಅಬ್ಬೆತುಮಕೂರು ಮಠಕ್ಕ ಹೊಂಟಿದ್ದ ಒಬ್ಬ ಮುದುಕಿಗೆ ನಮ್ಮ ಹುಡುಗಿ ಕೈ ಮುಗದು ಇದನ್ನ ಹೇಳಿದ್ದೇ ತಡ, ಮುದುಕಿ ಎದಿ ಎದಿ ಬಡ್ಕೊಂಡು ಅಳಾಕ ಹತ್ತಿದ್ಳು. "ನನ್ನ ಮಗಗ ಏನಾತ್ರಿ? ಹೇಳ್ರಿ, ಬದುಕ್ಯಾನೋ ಇಲ್ಲೋ?" ಪೊಲೀಸರು ಕೈಮುಗದು ಮೆತ್ತಗ ಮಾತಾಡ್ತಾರಂದ್ರ ಸಾವಿನ ಸುದ್ದಿನೇ ತಂದಾರ ಅಂತ ಆಕಿ ಲೆಕ್ಕ! ಬಸ್ಸಿನಾಗಿನ ಮಂದಿ ಇಳದು ಬಂದು ನಮ್ಮ ಮ್ಯಾಲೇ ಬಿದ್ರು. ಮಗ ಆರಾಮ ಅದಾನ ಅಂತ ನಂಬಸಾಕ ನಮಗ ಸಾಕುಬೇಕಾತು. ಅವತ್ತೇ ಆ ಸಾಲು ಹೊಡದು ಹಾಕಿ, "ನಮಸ್ಕಾರ್ರಿ ಯವ್ವಾ, ಯಾ ಕಡಿ ಹೊಂಟೀರಿ?" ಅಂತ ಮಾಡ್ದೆ. ಪುಸ್ತಕದ ಮರ್ಯಾದಿನೂ ಉಳೀತು, ಮುದುಕ್ಯಾರ ಜೀವಾನೂ ಉಳೀತು.

ಎರಡು ಸಲ ಎಡವಿ ಎರಡು ಸಲ ಸರಿ ಮಾಡ್ದೆ ನೋಡ್ರಿ, ಅಲ್ಲಿಗೆ ನನಗ ಸೊಕ್ಕು ಬಂತು. ನನ್ನಷ್ಟು ಶಾಣ್ಯಾಕಿ ಯಾರಿಲ್ಲ ಅನಸಾಕ ಹತ್ತಿತು. ದೊಡ್ಡ ತಪ್ಪು ಅಂಥ ಹೊತ್ತಿನಾಗೇ ಆಗ್ತದ.

ಪುಸ್ತಕದಾಗ ಒಂದು ಪಾಠ ಇತ್ತು, ಗಾಡಿಯೊಳಗ ಕೂತವರಾಗ ಯಾರನ್ನ ಇಳಿಸಿ ಮಾತಾಡಸಬೇಕು ಅನ್ನೋದು. ಏಳು ಗುರುತು ಕೊಟ್ಟಿದ್ರು. ಮೊದಲನೇದೇ, ಪೊಲೀಸರ ಕಣ್ಣು ತಪ್ಪಸವ್ರು. ನನಗ ಅದು ಭಾಳ ಸೇರಿತು. ಬಾಯಿಪಾಠ ಆಗ್ಲಿ ಅಂತ "ಕಣ್ಣು ತಪ್ಪಿಸಿದ್ರ ಕೆಳಗ ಇಳಿಸು" ಅಂತ ಒಂದು ಘೋಷಣಾ ಮಾಡ್ದೆ. ಖಾಜಾಸಾಬ ಅದನ್ನ ಡ್ರಿಲ್ಲಿಗೆ ಹಚ್ಚಿದ. ಎಡಗಾಲಿಗೆ "ಕಣ್ಣು ತಪ್ಪಿಸಿದ್ರ", ಬಲಗಾಲಿಗೆ "ಕೆಳಗ ಇಳಿಸು". ಇಡೀ ಕೆನಾಲ್ ಕಾಲನಿ ಮುಂಜಾನೆದ್ದು ಅದನ್ನೇ ಕೇಳ್ತಿತ್ತು. ಬಾಲಮ್ಮ ಒಬ್ಬಾಕಿ ಒಮ್ಮೆ ಕೈ ಎತ್ತಿ, "ಮೇಡಂ, ನಮ್ಮ ಕಡಿ..." ಅಂತ ಶುರು ಮಾಡಿದ್ಳು. ನಾ, "ನಿಮ್ಮ ಕಡಿ ಬಿಡು, ಪುಸ್ತಕದಾಗ ಏನದ ಅದನ್ನ ಕಲಿ. ಮತ್ತ ಫೇಲಾಗಬೇಕಂತಿ ಏನು?" ಅಂತ ಬಾಯಿ ಮುಚ್ಚಿಸಿದೆ.

ಪರೀಕ್ಷಾ ದಿನ ಬಂತು. ಯುರೋಪಿನಿಂದ ಬಂದಾಕಿ ಹೆಸರು ಹೆಲ್ಗಾ. ಆ ಕಡಿ ಗಡಿ ಪೊಲೀಸರಿಗೆ ವರ್ಷಾನುಗಟ್ಲೆ ಕಲಿಸಿ ತಲಿ ಬೆಳ್ಳಗ ಮಾಡ್ಕೊಂಡಾಕಿ, ಬಾಗಲ ಎತ್ತರದ ಹೆಂಗಸು. ನಮ್ಮ ಬಿಸಲಿಗೆ ಟೊಮ್ಯಾಟೊದಂಗ ಕೆಂಪಾಗಿ, ನೆನದ ಟವೆಲ್ ತಲಿಗೆ ಸುತ್ಕೊಂಡು ನಾಕಾದ ಬೇವಿನ ಗಿಡದ ಕೆಳಗ ಕೂತಿದ್ಳು. ಬದಿಗೆ ಸಾಹೇಬ್ರು, ಆಕಿ ಮಾತು ನಮಗ, ನಮ್ಮ ಮಾತು ಆಕಿಗೆ ಹೇಳಾಕ. ಇನ್ನೊಂದು ಕುರ್ಚಿಯಾಗ ಮಾರ್ಕ್ಸ್ ಶೀಟ್ ಹಿಡ್ಕೊಂಡು ನಾನು. ಖರೇ ಗಾಡಿ, ಖರೇ ಮಂದಿ. ಒಬ್ಬೊಬ್ಬ ಹುಡುಗಿಗೆ ಒಂದೊಂದು ಗಾಡಿ. ಶೀಟಿನಾಗ ಏಳು ಗುರುತಿಗೆ ಏಳು ಮನಿ, ಸರಿ ಇದ್ರ ರೈಟ್, ತಪ್ಪಿದ್ರ ಕಾಟು ಹಾಕಾಕ.

ನಮ್ಮ ಹುಡುಗ್ಯಾರು ಏನು ಛಂದ ಮಾಡಿದ್ರು ಅಂತೀರಿ! ನಮಸ್ಕಾರ, ಹೆಸರು, ಸವಾಲು ಎಲ್ಲಾ ಬರಬ್ಬರಿ. ಯಾರು ತಲಿ ತಗ್ಗಿಸಿದ್ರೋ ಅವ್ರನ್ನ ಟಕಾಟಕ್ ಇಳಸ್ತಿದ್ರು. ನಾ ಬರೇ ರೈಟ್ ಮಾರ್ಕ್ ಹಾಕೋದೇ ಹಾಕೋದು. ಹೆಲ್ಗಾ ಮಾತ್ರ ಒಮ್ಮೆ ಸಾಹೇಬ್ರ ಕಡಿ ಬಗ್ಗಿ, ಇಳಿಸಿದವರೆಲ್ಲ ಯಾಕ ಬಡವರೇ ಅದಾರ ಅಂತ ಕೇಳಿದ್ಳು. ಸಾಹೇಬ್ರು ನನ್ನ ನೋಡಿದ್ರು. ನಾ ಕೇಳಿಸಲಾರದಾಕಿಯಂಗ ಶೀಟ್ ತುಂಬಿದೆ.

ಬಾಲಮ್ಮನ ಪಾಳಿ ಬಂತು. ಇದೊಂದು ಪಾಸಾದ್ರ ಆಕಿ ಗೆದ್ದಂಗ, ಇಲ್ಲಂದ್ರ ಸಂಜಿಗೇ ಟ್ರಂಕು ಕಟ್ಟಬೇಕು. ಬಂದದ್ದು ಒಂದು ಟೆಂಪೊ. ಶಹಾಪುರ ಕಡಿ ಕ್ಯಾಂಪಿನಾಗ ತಿಂಗಳೊಪ್ಪತ್ತು ನಾಟಿ ಮುಗಿಸ್ಕೊಂಡು ಆಂಧ್ರದ ಊರಿಗೆ ವಾಪಸ್ ಹೊಂಟಿದ್ದ ಹೆಣ್ಣಾಳು ತುಂಬಿದ್ರು, ಮುಂದ ಅವ್ರನ್ನ ಕರ್ಕೊಂಡು ಹೋಗೋ ಮೇಸ್ತ್ರಿ. "ನಮಸ್ಕಾರ್ರಿ ಯವ್ವಾ, ನಾ ಬಾಲಮ್ಮ, ನಾಕಾದಾಕಿ. ಯಾ ಕಡಿ ಹೊಂಟೀರಿ?" ಅಂದ್ಳು. ಒಬ್ಬಾಕಿನೂ ಮುಖ ಎತ್ತಲಿಲ್ಲ. ಎಲ್ರೂ ಸೆರಗು ಹಣಿಮಟ ಎಳ್ಕೊಂಡ್ರು. ನನ್ನ ಶೀಟಿನ ಪ್ರಕಾರ ಎಲ್ರನ್ನೂ ಇಳಸಬೇಕು. ಬಾಲಮ್ಮ ಒಬ್ಬಾಕಿನ್ನೂ ಇಳಸಲಿಲ್ಲ. ನಾ ಒಂದು ಕಾಟು ಹಾಕಿದೆ. ಆಕಿ ಟೆಂಪೊದ ಹಿಂದ ಹೋಗಿ ಜೋತು ಬಿಟ್ಟ ಕಾಲು ನೋಡ್ಕೊಂತ ನಿಂತ್ಳು. ಇನ್ನೊಂದು ಕಾಟು. ಆಮ್ಯಾಲ ಒಬ್ಬಾಕಿ ಹುಡುಗಿ ಕೈ ಹಿಡದು, "ಈ ತಂಗಿ ಅಷ್ಟೇ ಇಳೀಲಿ" ಅಂದ್ಳು. ಯಾವ ಹುಡುಗಿ? ಟೆಂಪೊ ನಿಂತಾಗಿಂದ ಬಾಲಮ್ಮನ್ನ ಕಣ್ಣು ಪಿಳಕಿಸದಂಗ ನೋಡಾಕತ್ತಿದ್ದ ಒಬ್ಬಳೇ ಒಬ್ಬಾಕಿ!

ನನ್ನ ಪಿತ್ತ ನೆತ್ತಿಗೇರಿತು, ಉಳಿದ ಐದು ಮನಿಗೂ ಕಾಟು ಎಳದೆ. ಪರೀಕ್ಷಾ ನೋಡೋಕಿ ಮಾತಾಡಬಾರದು ಅನ್ನೋದೂ ಮರತೆ. ಕುರ್ಚಿಯಿಂದ ಎದ್ದು ಒದರಿದೆ: "ಬಾಲಮ್ಮಾ! ಕಣ್ಣು ತಪ್ಪಿಸಿದವರನ್ನ ಬಿಟ್ಟು ಕಣ್ಣು ಕೊಟ್ಟಾಕಿನ್ನ ಇಳಸ್ತಿಯಲ್ಲ, ನಾ ಕಲಿಸಿದ್ದೇನು, ನೀ ಮಾಡಾಕತ್ತಿದ್ದೇನು?"

ಆಕಿ ಹುಡುಗಿ ಕೈ ಬಿಡಲಿಲ್ಲ. "ಮೇಡಂ, ಪೊಲೀಸರ ಕಣ್ಣಾಗ ಕಣ್ಣಿಟ್ಟು ನೋಡೋ ಹೆಣ್ಣುಡುಗಿ ನಮ್ಮ ಕಡಿ ಯಾರದಾರ್ರಿ? ಈಕಿ ನೋಡಾಕತ್ತಿಲ್ರಿ, ಕರಿಯಾಕತ್ತಾಳ್ರಿ" ಅಂದ್ಳು.

ಮೇಸ್ತ್ರಿ ಕೆಳಗ ಜಿಗದ. "ನಮ್ಮ ತಂಗಿ ಮಗಳ್ರಿ ಬಾಯಾರ, ನಾಟಿಗೆ ಬಂದಿದ್ಳು."

"ಹೌದೇನಣ್ಣ? ಇವ್ರ ಕಾಲು ನೋಡು. ಎಲ್ರ ಬೆರಳ ಸಂದಿಗೂ ಕೆಸರುಹುಣ್ಣು ಅವ. ಈಕಿ ಕಾಲು ನೋಡು, ಒಂದು ಗೀರಿಲ್ಲ. ದಂಡಿ ಮ್ಯಾಲ ನಿಂತು ಮಾಡಿದ್ಳೇನು ನಾಟಿ?" ಅಂತ ಕೇಳಿ, ಹುಡುಗಿ ಕಡಿ ಹೊಳ್ಳಿ ಮೆತ್ತಗ, "ತಂಗಿ, ನಿಮ್ಮ ಮಾಮನ ಹೆಸರೇನವ್ವ?" ಅಂದ್ಳು.

ಹುಡುಗಿ ಬಾಯಿ ತೆರದ್ಳು, "ನನಗ ಗೊತ್ತಿಲ್ಲಕ್ಕಾ" ಅಂದ್ಳು, ಬಾಲಮ್ಮನ್ನ ಗಟ್ಟಿ ತೆಕ್ಕಿ ಹಾಯ್ದು ಹೋ ಅಂತ ಅತ್ತಳು.

ಮೇಸ್ತ್ರಿ ಓಡಿದ! ಗದ್ದಿ ಬದುವಿನ ಮ್ಯಾಲ ಎದ್ದು ಬಿದ್ದು ಓಡಿದ. ಅವನ ಹಿಂದ ಯಾರು ಓಡಿದ್ರು ಅಂತೀರಿ? ಮಂಡಿನೋವು ಅಂತ ದಿನಾ ಎಣ್ಣಿ ತಿಕ್ಕೊಳ್ಳೋ ನಮ್ಮ ಖಾಜಾಸಾಬ! ಹುಡುಗ್ಯಾರು ಹಿಂದ ಉಳದ್ರು, ಈತ ಮುಂದ. ಮೇಸ್ತ್ರಿ ಟವೆಲ್ ಹಿಡದು ಎಳದು, ಇಬ್ರೂ ಕೆಸರಿಗೆ ಧಡಾಕ್ಕನ ಬಿದ್ರು. ಎದ್ದು ಬಂದಾಗ ಕಣ್ಣು ಬಿಟ್ರ ಬಾಕಿಯೆಲ್ಲಾ ಕೆಸರು. "ಬಾಯಿ, ನಮಸ್ಕಾರ ಮಾಡೀನಿ ಇವಗ, ಆಮ್ಯಾಲೇ ಹಿಡದೀನಿ" ಅಂದ. ನಾವೆಲ್ಲ ನಗ್ತಿದ್ವೋ ಅಳ್ತಿದ್ವೋ ನಮಗೇ ತಿಳೀಲಿಲ್ಲ.

ಹುಡುಗಿ ಸುರಪುರ ಕಡಿ ಹಳ್ಳಿಯಾಕಿ, ಏಳನೇತ್ತ ಓದ್ತಿದ್ಳು. ಅಕ್ಕನ ಮನಿಗೆ ಬಿಟ್ಟು ಬರ್ತೀನಿ ಅಂತ ನಂಬಿಸಿ ಹಿಂದಿನ ದಿನ ಹತ್ತಿಸ್ಕೊಂಡಿದ್ದ. ಆ ಕಡಿ ವಯಸ್ಸಾದ ಒಬ್ಬಗ ಕೊಟ್ಟು ಮದಿವಿ ಮಾಡೋ ಮಸಲತ್ತು ನಡೆದಿತ್ತು. ಅಪ್ಪ ಅವ್ವ ಬಂದು ಕರ್ಕೊಂಡು ಹೋದ್ರು. ಮೇಸ್ತ್ರಿ ಮ್ಯಾಲ ಗುನ್ನೆ ದಾಖಲಾತು. ಹುಡುಗಿ ಮತ್ತ ಶಾಲಿಗೆ ಹೋದ್ಳು ಅಂತ ಆಮ್ಯಾಲ ನಾನೇ ಹೋಗಿ ನೋಡಿ ಬಂದೆ.

ಆದ್ರ ಆ ದಿನ ಬೇವಿನ ಗಿಡದ ಕೆಳಗ ನನ್ನ ಕೈಯಾಗ ಬಾಲಮ್ಮನ ಶೀಟ್ ಇತ್ತು. ಏಳು ಮನಿಗೆ ಏಳು ಕಾಟು. ಸಾಹೇಬ್ರು ಅದನ್ನ ಇಸಗೊಂಡು ನೋಡಿದ್ರು. "ಹುಡುಗಿಯನ್ನ ಉಳಿಸಿದ್ಳು, ಬೆನ್ನು ತಟ್ಟೋಣ. ಆದ್ರೆ ಶೀಟಿನ ಪ್ರಕಾರ ಫೇಲು. ಒಬ್ಬಳಿಗೆ ಅಳತೆ ಸಡಿಲ ಮಾಡಿದ್ರೆ ಉಳಿದವರಿಗೇನು ಹೇಳ್ಲಿ, ಭೀಮಬಾಯಿ?" ಅಂದ್ರು. ಅವ್ರ ಮಾತೂ ಖರೇನೇ. ದೂರ ಬಾಲಮ್ಮ ನಿಂತಿದ್ಳು. ಆಕಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ಳು.

ಏನಾದ್ರೂ ದಾರಿ ಸಿಗ್ತದೇನೋ ಅಂತ ಜೀಪಿನಾಗಿನ ಮೂಲ ಪುಸ್ತಕ ತೆಗಸಿ ಆ ಹಾಳಿ ಹುಡುಕಿದೆ. ಏಳು ಗುರುತಿನ ಕೆಳಗ ಇರಿವಿಯಂಥಾ ಅಕ್ಷರದಾಗ ಎರಡು ಸಾಲು ಇದ್ವು. ಈ ಗುರುತುಗಳನ್ನ ಆಯಾ ನಾಡಿನ ಮಂದಿ ನಡಿ-ನುಡಿ ನೋಡಿ ತಿದ್ದಿಕೊಳ್ಳಬೇಕು, ಕೆಲವು ಕಡಿ ಕಣ್ಣು ತಗ್ಗಿಸೋದು ಮರ್ಯಾದಿ ಇರ್ತದ, ಅಂತ. ಆ ಎರಡು ಸಾಲು ನಾ ಮೊದಲೇ ನೋಡಿದ್ದೆ. ಮೇಣದ ಹಾಳಿಯೊಳಗ ಜಾಗಾ ಮುಗದಿತ್ತು. ಎರಡು ಸಾಲಿಗೆ ಮತ್ತೊಂದು ಹಾಳಿ ಯಾಕ ಕೆಡಸೋದು ಅಂತ ನಾನೇ ಬಿಟ್ಟಿದ್ದೆ.

ಪುಸ್ತಕ ಮುಚ್ಚಿದ್ರ ಯಾರಿಗೂ ತಿಳೀತಿರಲಿಲ್ಲ. ಇದು ಸುಳ್ಳಲ್ಲ, ಒಂದು ಗಳಿಗಿ ಮುಚ್ಚೋಣ ಅಂತ ಅನಿಸಿತು. ಅಷ್ಟ್ರಾಗ ನಮ್ಮವ್ವ ನೆನಪಾದ್ಳು. ಬಜಾರದಾಗ ಪೊಲೀಸ್ ಬಂದ್ರ ನಮ್ಮವ್ವ ಬುಟ್ಟಿಯಾಗಿನ ಮೀನು ನೋಡ್ಕೊಂತ ಕೂಡ್ತಿದ್ಳೇ ಹೊರತು ಒಂದು ದಿನ ತಲಿ ಎತ್ತಿದಾಕಿ ಅಲ್ಲ. ನನ್ನ ಘೋಷಣಾ ಪ್ರಕಾರ ಮೊದಲು ಕೆಳಗ ಇಳಿಯೋಕಿ ನಮ್ಮವ್ವನೇ. ಥೂ ನನ್ನ, ಅಂತ ನನಗ ನಾನೇ ಉಗುಳ್ಕೊಂಡೆ. ಕಣ್ಣಾಗ ನೀರು ತಡೀಲಿಲ್ಲ.

ಪುಸ್ತಕ ಹೆಲ್ಗಾನ ಮುಂದ ತೆರದಿಟ್ಟೆ. "ಸಾಹೇಬ್ರ, ಇದನ್ನ ಬಿಟ್ಟಾಕಿ ನಾನು. ಫೇಲು ಮಾಡೋದಿದ್ರ ನನ್ನ ಮಾಡ್ರಿ" ಅಂದೆ. ಹೆಲ್ಗಾ ಓದಿದ್ಳು, ನನ್ನ ನೋಡಿದ್ಳು, ಎದ್ದು ಬಾಲಮ್ಮನ ಹತ್ರ ಹೋಗಿ ತನ್ನ ನೆನದ ಟವೆಲಿಲೆ ಆಕಿ ಮುಖ ಒರಸಿದ್ಳು. ಆಮ್ಯಾಲ ಬಂದು ಇಡೀ ಬ್ಯಾಚಿನ ಶೀಟು ರದ್ದು ಮಾಡಬೇಕು ಅಂದ್ಳು. ಹದಿನೈದು ದಿನ ಬಿಟ್ಟು ಎಲ್ರಿಗೂ ಮತ್ತ ಪರೀಕ್ಷಾ. ಬಾಲಮ್ಮನಿಗೂ.

ನನಗ ಮೆಮೊ ಬಂತು. ಮಾರ್ಕ್ಸ್ ಹಾಕೋ ಕೆಲಸದಿಂದ ತೆಗದ್ರು. ಪಾಸಾದ ಹುಡುಗ್ಯಾರು ಹದಿನೈದು ದಿನ ನನ್ನ ಮುಖ ನೋಡ್ಲಿಲ್ಲ, ನ್ಯಾಯ ಅದ. ಆದ್ರ ಆ ಹದಿನೈದು ದಿನದಂಥಾ ಪಾಠ ನನ್ನ ಜನ್ಮದಾಗ ಮಾಡಿಲ್ಲ! ಮೊದಲನೇ ದಿನ ಬಾಲಮ್ಮನ ಕೈಗೆ ಸೀಮೆಸುಣ್ಣ ಕೊಟ್ಟು ನಾ ಬೆಂಚಿಗೆ ಹೋಗಿ ಕೂತೆ. ಆಕಿ ನಾಚ್ಕೊಂತ ಒಂದು ಸವಾಲ್ ಬರದ್ಳು: "ನಿಮ್ಮೂರಾಗ ಯಾರು ಯಾರ ಮುಂದ ತಲಿ ತಗ್ಗಸ್ತಾರ?" ಯವ್ವಾ, ಕಟ್ಟಿ ಒಡದ ಕೆನಾಲ್ ಆತು ಕ್ಲಾಸು. ವನದುರ್ಗದಾಕಿ ತನ್ನ ಅಜ್ಜಿ ಸುದ್ದಿ ಹೇಳಿದ್ಳು, ಶಿರವಾಳದಾಕಿ ಗೌಡ್ರ ಮನಿ ಮುಂದ ಹಾಯೋ ಸುದ್ದಿ ಹೇಳಿದ್ಳು, ಒಬ್ಬಾಕಿ ಹೇಳ್ಕೊಂತ ಅತ್ತು, ಇನ್ನೊಬ್ಬಾಕಿ ಸಿಟ್ಟಾಗಿ ಟೇಬಲ್ ಗುದ್ದಿದ್ಳು. ಅವ್ರು ಹೇಳಿದ್ದೇ ನಮ್ಮ ಹೊಸಾ ಹಾಳಿ ಆತು. ಮೇಣದ ಹಾಳಿ ಮೂರು ಖರ್ಚಾದ್ವು. ಖಾಜಾಸಾಬ ಹಾಡ್ಕೊಂತ ಮಷಿನ್ ತಿರುವಿದ.

ಎರಡನೇ ಪರೀಕ್ಷಾಕ್ಕ ಬ್ಯಾರೆ ಕಡಿಯಿಂದ ಇನ್‌ಸ್ಪೆಕ್ಟರ್ ಬಂದು ಮಾರ್ಕ್ಸ್ ಹಾಕಿದ್ರು. ನನಗ ನಾಕಾದ ಹತ್ರ ಹೋಗಾಕೂ ಪರ್ಮಿಷನ್ ಇಲ್ಲ. ಶೆಡ್ಡಿನಾಗ ಕೂತು ಉಗುರು ಕಡ್ಕೊಂಡೆ. ಸಂಜೀಮುಂದ ನೋಟಿಸ್ ಬೋರ್ಡಿಗೆ ಪಟ್ಟಿ ಹಚ್ಚಿದ್ರು ಅಂದದ್ದೇ ತಡ, ಬರಿಗಾಲಿಲೆ ಓಡಿದೆ. ಕೆಳಗಿಂದ ನೋಡ್ಕೊಂತ ಬಂದೆ, ಬಾಲಮ್ಮ ಇಲ್ಲ. ಹೊಳ್ಳಿ ನೋಡಿದೆ. ಅಯ್ಯ ನನ್ನ ಖೋಡಿ ಕಣ್ಣ, ಮೊದಲನೇ ಹೆಸರೇ ಆಕಿದು! ಕಡೀಕಿಂದೇ ಹುಡುಕೋ ರೂಢಿ ಬಿದ್ದು ಮ್ಯಾಲಿನ ಸಾಲು ಬಿಟ್ಟಿದ್ದೆ. ಅಲ್ಲೇ ಧೂಳಾಗ ನಿಂತು ಚಪ್ಪಾಳಿ ಹೊಡದೆ.

ಪಾಸಾದವರ ಪರೇಡಿಗೆ ಮನಿ ಮಂದಿನ್ನ ಕರದಿದ್ರು. ಬಾಲಮ್ಮನ ಅವ್ವ ನಾಟಿ ಬಿಟ್ಟು ಬಂದಿದ್ಳು, ಗೇಟಿನ ಬದಿಗೆ ಗ್ವಾಡಿಗೆ ಹತ್ತಿ ನಿಂತಿದ್ಳು. ಪರೇಡ್ ಮುಗದ ಮ್ಯಾಲ ಖಾಕಿ, ಬೂಟು, ಟೋಪಿ ಹಾಕ್ಕೊಂಡು ಬಾಲಮ್ಮ ಆಕಿ ಕಡಿ ನಡಕೊಂಡು ಹೋದ್ಳು. ಬೂಟಿನ ಸಪ್ಪಳ ಕೇಳಿದ ಅವ್ವ ಕಣ್ಣು ಕೆಳಗ ಮಾಡಿ, ಸೆರಗು ಎಳ್ಕೊಂಡು, ದಾರಿ ಬಿಟ್ಟು ಗ್ವಾಡಿಗೆ ಇನ್ನೂ ಸರದು ನಿಂತ್ಳು. ಪೊಲೀಸ್ ಬರಾಕತ್ತಾರ ಅಂತ ತಿಳದಿದ್ಳು. ಬಾಲಮ್ಮ ನಿಂತೇ ಬಿಟ್ಳು. ಆಮ್ಯಾಲ ಹುಡುಗಿ ಕುಕ್ಕರಗಾಲಿಲೆ ನೆಲಕ್ಕ ಕೂತು, ಅವ್ವ ನೋಡಾಕತ್ತಿದ್ದ ಜಾಗಾಕ್ಕ ತನ್ನ ಮುಖ ಒಯ್ದು, ಕೆಳಗಿಂದ ಮ್ಯಾಲ ನೋಡಿದ್ಳು.

"ಯವ್ವಾ, ನಾನಬೇ."

ಆ ಹೆಣ್ಣುಮಗಳು ಭಾಳ ಹೊತ್ತು ನೋಡಿದ್ಳು. ಆಮ್ಯಾಲ ಮಗಳ ತಲಿಗೊಂದು ಮೊಟಕಿ, "ಆ ಟೋಪಿ ತೆಗಿಯೇ ಮೊದಲು, ಗುರುತೇ ಹತ್ತಲಿಲ್ಲ!" ಅಂದ್ಳು.

ಮೈದಾನದಾಗ ಟೋಪಿ ತೆಗಿಯಂಗಿಲ್ಲ. ಬಾಲಮ್ಮ ಅಂಜಿ ಖಾಜಾಸಾಬನ ಕಡಿ ನೋಡಿದ್ಳು. ಖಾಜಾಸಾಬ ನೆಟ್ಟಗ ನಿಂತು, ಇಡೀ ಮೈದಾನಕ್ಕ ಕೇಳೋಹಂಗ ತನಗ ತಾನೇ ಆರ್ಡರ್ ಕೊಟ್ಟ: "ಖಾಜಾಸಾಬ, ಪೀಛೇ ಮುಡ್!" ಅವ್ರ ಕಡಿ ಬೆನ್ನು ತಿರುವಿ ನಿಂತ. ಅವ್ವ ಮಗಳು ಅಳೋದು ಮುಗಿಯೋತನಕ ಹೊಳ್ಳಲಿಲ್ಲ.